ಎಚ್ಚರಿಕೆಯ ದೀಪ

ನಮ್ಮ ಮನೆಯ ಕಾರು 2006ರದು. ಕಳೆದ ವರ್ಷ ಅದರ ಎಚ್ಚರಿಕೆಯ ದೀಪ ಹೊತ್ತಿಕೊಂಡು, ನಿಂತಲ್ಲಿಯೇ ಇಂಜಿನು ನಡುಗಿ ಆರಿಹೋಗತೊಡಗಿತು. ಪರೀಕ್ಷಾಯಂತ್ರವು ಪಿ0011 ಎಂಬ ಸಂಕೇತವನ್ನು ತೋರಿತು. ಗಾಳಿಯನ್ನು ಒಳಬಿಡುವ ಕವಾಟಗಳು ನಿಗದಿಗಿಂತ ಮುಂಚೆಯೇ ತೆರೆಯುತ್ತಿವೆ ಎಂಬುದು ಅದರ ಅರ್ಥ. ಮೆಕ್ಯಾನಿಕ್ ತರುಣನು ಮೊದಲು ಸೆನ್ಸರನ್ನೂ ಬಳಿಕ ಸೊಲೆನಾಯ್ಡನ್ನೂ ಬದಲಿಸಿದನು. ವಾರ ಕಳೆಯುವುದರೊಳಗೆ ದೀಪ ಮತ್ತೆ ಹೊತ್ತಿತು. ಆತನು ಹಣಕ್ಕಾಗಿ ವಂಚಿಸುತ್ತಿರುವನೆಂದು ಗ್ಯಾರೇಜಿನಲ್ಲಿ ನೆರೆದವರೆದುರೇ ಆಡಿಬಿಟ್ಟೆನು.

ಆತನು ಮರುಮಾತಾಡದೆ ತೈಲ ಅಳೆಯುವ ಕಡ್ಡಿಯನ್ನು ಎಳೆದು ತೋರಿದನು. ತೈಲ ಡಾಂಬರಿನಂತಿತ್ತು. ಆ ಕವಾಟಗಳ ಕಾಲವನ್ನು ಹಿಂದುಮುಂದು ಮಾಡುವುದು ಇಂಜಿನ್ ತೈಲದ ಒತ್ತಡವೇ. ಅದರ ಹಾದಿಯನ್ನು ಬಿಚ್ಚಿ ನೋಡಿದರೆ, ಅಲ್ಲಿದ್ದ ಪುಟ್ಟ ಜಾಲರಿಯು ಜಿಡ್ಡಿನಿಂದ ಮುಚ್ಚಿಹೋಗಿತ್ತು. “ತೈಲ ಬದಲಿಸಿದ್ದು ಯಾವಾಗ?” ಎಂದು ಕೇಳಿದನು. ಎರಡು ವರ್ಷಗಳ ಹಿಂದೆ ಎನ್ನಲು ನನಗೆ ನಾಲಗೆ ಏಳಲಿಲ್ಲ.

ಜಾಲರಿಯನ್ನು ತೊಳೆದು, ಕೈಪಿಡಿಯಲ್ಲಿ ಹೇಳಿದ ತೈಲವನ್ನೇ ತುಂಬಿ, 1,000 ಕಿಲೋಮೀಟರಿನ ನಂತರ ಮತ್ತೊಮ್ಮೆ ಬದಲಿಸಿದೆವು. ಅಂದಿನಿಂದ ದೀಪ ಹೊತ್ತಿಲ್ಲ. ದೋಷವಿದ್ದುದು ನನ್ನ ಉದಾಸೀನದಲ್ಲಿ. ನಾನು ಹುಡುಕಿದ್ದು ಆತನ ಪ್ರಾಮಾಣಿಕತೆಯಲ್ಲಿ. ಆಡಿದ ಸ್ಥಳದಲ್ಲಿಯೇ, ನೆರೆದವರೆದುರೇ ಕ್ಷಮೆ ಬೇಡಿದೆನು. ಆತನು ನಕ್ಕು, ಮುಂದಿನ ಸಲ ತೈಲ ಬದಲಿಸಬೇಕಾದ ತಾರೀಖನ್ನು ಚೀಟಿಯಲ್ಲಿ ಬರೆದುಕೊಟ್ಟನು.