ಎಸೆಯುವ ಪೆಟ್ಟಿಗೆ

ನಮ್ಮ ಮನೆಯಲ್ಲಿ ಯಾವುದನ್ನೂ ಎಸೆಯುವ ಪದ್ಧತಿ ಇರಲಿಲ್ಲ. ವಡೋದರದ ಮಾಂಜಲ್ಪುರದಲ್ಲಿ ಎರಡು ಕೋಣೆಯ ಮನೆ. ಅದರ ಅಟ್ಟದ ಮೇಲೆ ಅಮ್ಮ ಸಾಗರದಿಂದ ತಂದ ಹಪ್ಪಳದ ಡಬ್ಬಿಗಳು, ತೊಳೆದು ಒಣಗಿಸಿ ಮಡಿಸಿಟ್ಟ ಹಾಲಿನ ಕೊಟ್ಟೆಗಳು, ಮುರಿದ ಕೊಡೆಯ ಕಡ್ಡಿಗಳು. 'ಬೇಕಾಗ್ತದೆ' ಎಂಬುದು ಅಮ್ಮನ ಏಕವಾಕ್ಯ ಸಂವಿಧಾನ. ಇಂಥ ಮನೆಗೆ 2005ರಲ್ಲಿ ಒಂದು ಡಿವಿಡಿ ರೆಕಾರ್ಡರ್ ಬಂತು. ಎಸೆಯುವುದೇ ಅದರ ಕಸುಬು ಎಂದು ತಂದ ದಿನ ಅಮ್ಮನಿಗೆ ಗೊತ್ತಾಗಿದ್ದರೆ ಅದನ್ನು ಹೊಸಿಲು ದಾಟಲು ಬಿಡುತ್ತಿರಲಿಲ್ಲ.

ತಂದದ್ದಕ್ಕೆ ಕಾರಣ ಚಂದನ ಎಂಬ ಕನ್ನಡ ವಾಹಿನಿ. 2004ರ ಡಿಸೆಂಬರಿನಲ್ಲಿ ದೂರದರ್ಶನದ ಉಪಗ್ರಹ ಸೇವೆ ಡಿಡಿ ಡೈರೆಕ್ಟ್ ಪ್ಲಸ್ ಶುರುವಾಗಿ, ತಿಂಗಳ ಬಾಡಿಗೆಯಿಲ್ಲದೆ, ತಾರಸಿಯ ಮೇಲಿನ ಸಣ್ಣ ಡಿಶ್ಶಿಗೇ ಕನ್ನಡ ಇಳಿಯತೊಡಗಿತ್ತು. ನಮ್ಮ ಪಾಲಿಗೆ ಅದೊಂದು ಹಬ್ಬ. ಆದರೆ ಸೂರತ್ತಿನ ಅಡಾಜಣದಲ್ಲಿದ್ದ ಚಿಕ್ಕಮ್ಮನಿಗೆ ಆ ಭಾಗ್ಯವಿಲ್ಲ. ಅವರ ಸೊಸೈಟಿಯ ಸೆಕ್ರೆಟರಿ ತಾರಸಿಯಲ್ಲಿ ಡಿಶ್ ಬೇಡವೆಂದುಬಿಟ್ಟಿದ್ದ. ಉತ್ತರಾಯಣದ ದಿನ ಗಾಳಿಪಟದ ದಾರ ಸಿಕ್ಕಿಕೊಳ್ಳುತ್ತದಂತೆ. ವರ್ಷದ ಎರಡು ದಿನದ ಗಾಳಿಪಟಕ್ಕೆ ಉಳಿದ ಮುನ್ನೂರರವತ್ಮೂರು ದಿನದ ಕನ್ನಡ ಬಲಿ. ಅಹಮದಾಬಾದಿನ ಮಣಿನಗರದಲ್ಲಿದ್ದ ಅತ್ತಿಗೆಯ ಮನೆಯಲ್ಲಿ ಮಕ್ಕಳ ಓದು ಕೆಡುತ್ತದೆಂದು ಅಣ್ಣನೇ ಡಿಶ್ ಹಾಕಿಸಿರಲಿಲ್ಲ. ಡಿವಿಡಿ ಪ್ಲೇಯರ್ ಮಾತ್ರ ಎರಡೂ ಕಡೆ ಇತ್ತು. ಹೀಗಾಗಿ ವಡೋದರದಲ್ಲಿ ನಾವು ಹಿಡಿಯುವುದು, ಸೂರತ್ತು-ಅಹಮದಾಬಾದಿನಲ್ಲಿ ಅವರು ನೋಡುವುದು ಎಂಬ ಏರ್ಪಾಡಾಯಿತು. ಸಾಗಾಣಿಕೆಗೆ ವಲಸಾಡದಿಂದ ಅಹಮದಾಬಾದಿಗೆ ಓಡಾಡುವ ಗುಜರಾತ್ ಕ್ವೀನ್ ಇತ್ತು. ಅದರಲ್ಲಿ ದಿನವೂ ಪಾಸಿನ ಮೇಲೆ ಹೋಗಿಬರುವ ಗೆಳೆಯರೂ ಇದ್ದರು.

ರೆಕಾರ್ಡರಿನ ಬೆನ್ನಿಗೆ ಹಳದಿ, ಕೆಂಪು, ಬಿಳಿ ಮೂರು ತೂತು. ಕೆಂಪು-ಬಿಳಿಯಲ್ಲಿ ಧ್ವನಿ, ಹಳದಿಯ ಒಂದೇ ತಂತಿಯಲ್ಲಿ ಇಡೀ ಚಿತ್ರ. ನಗು ಬರುವ ಸಂಗತಿ ಏನೆಂದರೆ, ಉಪಗ್ರಹದಿಂದ ಇಳಿಯುವಾಗಲೇ ಆ ಚಿತ್ರ ಅಂಕಿಗಳ ರೂಪದಲ್ಲಿತ್ತು. ಸೆಟ್‌ಟಾಪ್ ಬಾಕ್ಸ್ ಅದನ್ನು ಬಿಚ್ಚಿ ಹಳೆಯ ಕಾಲದ ಅನಲಾಗ್ ಅಲೆಯಾಗಿಸಿ ಹಳದಿ ತಂತಿಗೆ ಕೊಡುತ್ತಿತ್ತು. ರೆಕಾರ್ಡರ್ ಅದನ್ನು ಪುನಃ ಅಂಕಿ ಮಾಡಿ ಡಿಸ್ಕಿಗೆ ಬರೆಯುತ್ತಿತ್ತು. ಚಿಕ್ಕಮ್ಮನ ಪ್ಲೇಯರ್ ಅದನ್ನು ಮತ್ತೆ ಅಲೆ ಮಾಡಿ ಟಿವಿಗೆ ಒಪ್ಪಿಸುತ್ತಿತ್ತು. ಹಳದಿ ತಂತಿಯಲ್ಲಿ ಬೆಳಕು ಮತ್ತು ಬಣ್ಣ ಒಂದರ ಮೇಲೊಂದು ಕೂತು ಬರುತ್ತವೆ. ನಮ್ಮ ಪಾಲ್ ಪದ್ಧತಿಯಲ್ಲಿ ಬಣ್ಣಕ್ಕೆ 4.43 ಮೆಗಾಹರ್ಟ್ಸಿನ ಪ್ರತ್ಯೇಕ ವಾಹಕ ಅಲೆ. ಒಳಗೆ ಕೂತ ಸೋಸುಗ ಎರಡನ್ನೂ ಬಿಡಿಸಬೇಕು. ಸೀರೆಯಲ್ಲಿ ಸಣ್ಣ ಸಣ್ಣ ಗೆರೆಗಳಿದ್ದರೆ ಆ ಸೋಸುಗ ಗೊಂದಲಕ್ಕೆ ಬಿದ್ದು, ಗೆರೆಯನ್ನೇ ಬಣ್ಣವೆಂದು ತಿಳಿದು ಕಾಮನಬಿಲ್ಲು ಹರಿಸುತ್ತಿತ್ತು. ವಾರ್ತೆ ಓದುವವರ ಸೀರೆ ಮಿಣಮಿಣ ಹೊಳೆದಾಗ ಅಮ್ಮ, "ಆ ನಮೂನೆ ಸೀರೆ ಸೂರತ್ತಲ್ಲಿ ಸಿಗ್ತದಾ ಕೇಳು ಮಾರಾಯ" ಎನ್ನುತ್ತಿದ್ದಳು. ಅದು ಎಲ್ಲಿಯೂ ಸಿಗದ ಸೀರೆ.

ಬೆಳಕು-ಬಣ್ಣ ಬಿಡಿಸಿದ ಮೇಲೆ ಅಳತೆ. ರೆಕಾರ್ಡರ್ ಬೆಳಕನ್ನು ಸೆಕೆಂಡಿಗೆ 1 ಕೋಟಿ 35 ಲಕ್ಷ ಸಲ ಅಳೆದು ಅಂಕಿ ಬರೆದುಕೊಳ್ಳುತ್ತದೆ. ಒಂದು ಚಿತ್ರಕ್ಕೆ ಅಡ್ಡ 720, ಉದ್ದ 576 ಚುಕ್ಕೆ; ಸೆಕೆಂಡಿಗೆ ಅಂಥ 25 ಚಿತ್ರ. ಇದನ್ನೆಲ್ಲ ಇದ್ದದ್ದು ಇದ್ದಂತೆ ಬರೆದರೆ 4.7 ಗಿಗಾಬೈಟಿನ ಡಿಸ್ಕ್ ನಾಲ್ಕು ನಿಮಿಷವೂ ಬಾರದು. ನಮ್ಮ ಧಾರಾವಾಹಿಗಳ ಶೀರ್ಷಿಕೆ ಹಾಡು, ಹಿಂದಿನ ಕಂತಿನ ನೆನಪು ಮುಗಿಯುವಷ್ಟರಲ್ಲಿ ಡಿಸ್ಕ್ ಖಲಾಸ್. ಆದರೂ ಅದೇ ಡಿಸ್ಕಿನಲ್ಲಿ ಎರಡು ಗಂಟೆ ಹಿಡಿಸುತ್ತದೆ ಎಂದು ಪೆಟ್ಟಿಗೆಯ ಮೇಲೆ ಅಚ್ಚಾಗಿತ್ತು. ಹೇಗೆ? ನೂರರಲ್ಲಿ ಸುಮಾರು ತೊಂಬತ್ತೇಳು ಪಾಲನ್ನು ಹೊರಗೆ ಹಾಕಿ.

ಮೊದಲು ಹೋಗುವುದು ಬಣ್ಣ. ನಮ್ಮ ಕಣ್ಣು ಬೆಳಕು-ನೆರಳಿನ ವಿಷಯದಲ್ಲಿ ಬಹಳ ಚುರುಕು, ಬಣ್ಣದ ವಿಷಯದಲ್ಲಿ ಮಂಕು. ಹಾಗಾಗಿ ನಾಲ್ಕು ಚುಕ್ಕೆಗೆ ಒಂದೇ ಬಣ್ಣ ಸಾಕು. ಆಮೇಲೆ ಪುನರುಕ್ತಿ. ಇದನ್ನು ಅಮ್ಮನಿಗೆ ತಿಳಿಸಲು ಅವಳದೇ ಇನ್‌ಲ್ಯಾಂಡ್ ಪತ್ರ ನೆರವಿಗೆ ಬಂತು. 'ಇಲ್ಲಿ ಎಲ್ಲರೂ ಕ್ಷೇಮ' ಎಂದು ಬರೆದ ಮೇಲೆ ಮನೆಯ ಗೋಡೆ, ಬಾಗಿಲು, ಅಟ್ಟಗಳನ್ನು ಅವಳು ಮತ್ತೆ ವರ್ಣಿಸುವುದಿಲ್ಲ. ಕಳೆದ ಪತ್ರದಿಂದ ಈಚೆಗೆ ಬದಲಾದದ್ದು, ಅಂದರೆ ಒಂದು ಹಲ್ಲು ಕೀಳಿಸಿದ್ದು, ಒಂದು ನಿಶ್ಚಿತಾರ್ಥ ಮುರಿದದ್ದು, ಅಷ್ಟೇ. ರೆಕಾರ್ಡರೂ ಅರ್ಧ ಸೆಕೆಂಡಿಗೊಮ್ಮೆ ಒಂದು ಚಿತ್ರವನ್ನು ಪೂರ್ತಿ ಬರೆದು, ನಡುವಿನವುಗಳಲ್ಲಿ ಬದಲಾದದ್ದನ್ನಷ್ಟೇ ಬರೆಯುತ್ತದೆ. ಅಮ್ಮ ತಲೆದೂಗಿದಳು. ಇಷ್ಟರವರೆಗೆ ಯಂತ್ರದ ಮೇಲೆ ಅವಳಿಗೆ ಆಕ್ಷೇಪಣೆ ಇರಲಿಲ್ಲ.

ಆಕ್ಷೇಪಣೆ ಬಂದದ್ದು ಮುಂದಿನ ಹಂತಕ್ಕೆ. ಚಿತ್ರವನ್ನು ಎಂಟು ಚುಕ್ಕೆ ಅಗಲ, ಎಂಟು ಚುಕ್ಕೆ ಎತ್ತರದ ಚೌಕಗಳಾಗಿ ಕತ್ತರಿಸಲಾಗುತ್ತದೆ. ಒಂದು ಚಿತ್ರಕ್ಕೆ ಅಂಥ 6,480 ಚೌಕ. ಒಂದೊಂದು ಚೌಕದ 64 ಅಂಕಿಗಳನ್ನು ಒರಟು ಅಲೆಯಿಂದ ಹಿಡಿದು ನವಿರು ಅಲೆಯವರೆಗಿನ 64 ಅಲೆಗಳ ಮೊತ್ತವಾಗಿ ಬರೆಯಲಾಗುತ್ತದೆ. ಸೋಜಿಗವೆಂದರೆ ಚಿತ್ರದ ತೂಕವೆಲ್ಲ ಮೊದಲ ಕೆಲವು ಅಲೆಗಳಲ್ಲೇ ಬಂದು ಕೂರುತ್ತದೆ. ಉಳಿದ ನವಿರು ಅಲೆಗಳನ್ನು ಸೊನ್ನೆ ಮಾಡಿ, 'ಮುಂದೆ ಇಷ್ಟು ಸೊನ್ನೆ' ಎಂದು ಷರಾ ಬರೆದರೆ ಮುಗಿಯಿತು. ಕಣ್ಣಿಗೆ ಏನೂ ತಿಳಿಯುವುದಿಲ್ಲ.

"ಎಂತ? ಇದ್ದದ್ದನ್ನು ಸೊನ್ನೆ ಮಾಡೋದಾ?" ಅಮ್ಮ ಕೇಳಿದಳು.

ಇದರ ಹಿಂದಿರುವ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್ ಎಂಬ ಗಣಿತ ನಾಸಿರ್ ಅಹಮದ್ ಅವರದು. 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಈಗ ಯುವಿಸಿಇ ಎನ್ನುವ ಕಾಲೇಜಿನಲ್ಲಿ 1961ರಲ್ಲಿ ಎಂಜಿನಿಯರಿಂಗ್ ಮುಗಿಸಿ ಅಮೆರಿಕಕ್ಕೆ ಹೋದವರು. 1972ರಲ್ಲಿ ಈ ಯೋಚನೆ ಬರೆದು ಅಲ್ಲಿನ ನ್ಯಾಷನಲ್ ಸೈನ್ಸ್ ಫೌಂಡೇಷನ್‌ನಿಂದ ಧನಸಹಾಯ ಕೇಳಿದರೆ ಸಿಗಲಿಲ್ಲ. ಇದು ತೀರಾ ಸರಳವಾಯಿತು ಎಂಬುದು ಒಬ್ಬ ಪರಿಶೀಲಕರ ಅಭಿಪ್ರಾಯವಾಗಿತ್ತೆಂದು ಅಹಮದ್ ಅವರೇ ಮುಂದೆ ಬರೆದುಕೊಂಡಿದ್ದಾರೆ. ಅವರು ಬಿಡದೆ ಟಿ. ನಟರಾಜನ್, ಕೆ.ಆರ್. ರಾವ್ ಜೊತೆಗೂಡಿ 1974ರ ಜನವರಿಯಲ್ಲಿ ಲೇಖನ ಪ್ರಕಟಿಸಿದರು. ಇವತ್ತು ಮೊಬೈಲಿನಲ್ಲಿ ತೆಗೆಯುವ ಜೆಪೆಗ್ ಫೋಟೋ ಕೂಡ ಅದೇ ಸರಳತೆಯ ಕೂಸು. ಇಷ್ಟನ್ನೂ ಅಮ್ಮನಿಗೆ ಹೇಳಿದೆ. ಅವಳು ಹಿಡಿದುಕೊಂಡದ್ದು ಒಂದೇ.

"ಬೆಂಗಳೂರಿನವರಾ?"

"ಹೌದು."

"ಹಾಗಾದ್ರೆ ಅಡ್ಡಿಲ್ಲೆ. ಎಸೀಲಿ."

ಈ ಎಸೆಯುವ ವಿದ್ಯೆಗೆ ಹೇಳಿ ಮಾಡಿಸಿದ್ದು ಕನ್ನಡ ಧಾರಾವಾಹಿ. ಅತ್ತೆ ಒಂದು ಮಾತಾಡುತ್ತಾಳೆ. ಸೊಸೆಯ ಮುಖ ಮೂರು ಸಲ ಹತ್ತಿರಕ್ಕೆ ಬರುತ್ತದೆ. ಗುಡುಗಿನ ಸದ್ದು. ಮಾವ ಹಾಗೇ ನಿಂತಿದ್ದಾನೆ, ಗಡಿಯಾರದ ಮುಳ್ಳೂ ನಿಂತಿದೆ. ಬದಲಾದದ್ದು ಏನೂ ಇಲ್ಲವಾದ್ದರಿಂದ ಬರೆಯುವುದೂ ಏನಿಲ್ಲ. ರೆಕಾರ್ಡರ್ ಆ ಹೊತ್ತು ನಿದ್ದೆ ಮಾಡುತ್ತಿತ್ತೆಂದೇ ನನ್ನ ಗುಮಾನಿ. ಅದಕ್ಕೆ ಬೆವರು ಇಳಿಸಿದ್ದು ನವರಾತ್ರಿ. ವಡೋದರದ ಗರ್ಬಾ ಎಂದರೆ ಮೈದಾನದ ತುಂಬ ಸಾವಿರಾರು ಜನ ಉಂಗುರದೊಳಗೆ ಉಂಗುರವಾಗಿ ಸುತ್ತುವುದು. ಒಬ್ಬೊಬ್ಬರ ಚಣಿಯಾ-ಚೋಳಿಯಲ್ಲೂ ನೂರಾರು ಕನ್ನಡಿ ಚೂರು, ಎಲ್ಲವೂ ಒಟ್ಟಿಗೆ ಚಲನೆಯಲ್ಲಿ. ಮಗಳು ಯುನೈಟೆಡ್ ವೇ ಗರ್ಬಾಕ್ಕೆ ಹೋದ ವರ್ಷ ಕೇಬಲ್ಲಿನಲ್ಲಿ ನೇರಪ್ರಸಾರವಿತ್ತು. ಒಂದೇ ಡಿಸ್ಕಿನಲ್ಲಿ ಇಡೀ ರಾತ್ರಿ ಬರಲಿ ಎಂದು ಅಮ್ಮ ಆರು ಗಂಟೆಯ ಮೋಡಿಗೆ ಹಾಕಿಸಿದಳು. ಆ ಮೋಡಿನಲ್ಲಿ ಸೆಕೆಂಡಿಗೆ ಸಿಗುವುದು ಎರಡು ಮೆಗಾಬಿಟ್ಟಿಗೂ ಕಡಿಮೆ. ಹಿಂದಿನ ಚಿತ್ರಕ್ಕೂ ಮುಂದಿನದಕ್ಕೂ ಹೋಲಿಕೆ ಹುಡುಕಿ ಹುಡುಕಿ ಯಂತ್ರ ಕೈಚೆಲ್ಲಿ ನವಿರನ್ನೆಲ್ಲ ಸೊನ್ನೆ ಮಾಡಿಬಿಟ್ಟಿತು. ಹಾಕಿ ನೋಡಿದರೆ ಮೈದಾನದ ತುಂಬ ಬಣ್ಣದ ಚೌಕಗಳು ಕುಣಿಯುತ್ತಿವೆ. ಅಮ್ಮ ಮಾತ್ರ ಒಂದು ಹಸಿರು ಚೌಕಕ್ಕೆ ಬೆರಳಿಟ್ಟು, "ಇದೇ ನಮ್ಮ ಕೂಸು" ಎಂದು ಅಕ್ಕಪಕ್ಕದ ಬೆನ್‌ಗಳಿಗೆಲ್ಲ ತೋರಿಸಿದಳು. ಅವರೂ ಒಪ್ಪಿದರು.

ಇನ್ನೊಂದು ವಿಚಿತ್ರವಿದೆ. ನಡುವಿನ ಕೆಲವು ಚಿತ್ರಗಳನ್ನು ಹಿಂದಿನದನ್ನು ನೋಡಿ ಮಾತ್ರವಲ್ಲ, ಮುಂದೆ ಬರಲಿರುವುದನ್ನೂ ನೋಡಿ ಊಹಿಸಲಾಗುತ್ತದೆ. ಅದಕ್ಕೆ ರೆಕಾರ್ಡರ್ ಒಂದಷ್ಟು ಚಿತ್ರಗಳನ್ನು ತಡೆದಿಟ್ಟುಕೊಂಡು, ಭವಿಷ್ಯವನ್ನು ಮೊದಲು ಬರೆದು ವರ್ತಮಾನವನ್ನು ಆಮೇಲೆ ಬರೆಯುತ್ತದೆ. ನೋಡುವಾಗ ಪ್ಲೇಯರ್ ಅವನ್ನು ಸರದಿಗೆ ಹಚ್ಚುತ್ತದೆ. ಅಮ್ಮನೂ ಇದನ್ನೇ ಮಾಡುತ್ತಿದ್ದಳು. ಚಂದನದಲ್ಲಿ ನಾ. ಸೋಮೇಶ್ವರ ಅವರ ಕ್ವಿಜ್ 'ಥಟ್ ಅಂತ ಹೇಳಿ' ಅಕ್ಕತಂಗಿಯರಿಬ್ಬರಿಗೂ ಪ್ರಾಣ. ಡಿಸ್ಕ್ ಗುಜರಾತ್ ಕ್ವೀನ್ ಹತ್ತುವ ಮೊದಲೇ ಅಮ್ಮನ ಫೋನು ಸೂರತ್ತಿಗೆ: "ಎರಡನೇದಕ್ಕೆ ಉತ್ತರ ರನ್ನ. ಕಡೇದಕ್ಕೆ ತುಂಗಭದ್ರಾ." ಚಿಕ್ಕಮ್ಮ ಮೊಮ್ಮಕ್ಕಳ ಎದುರು ಪ್ರಶ್ನೆ ಮುಗಿಯುವ ಮೊದಲೇ ಥಟ್ ಅಂತ ಹೇಳಿಬಿಡುತ್ತಿದ್ದರು. ಆ ಮಕ್ಕಳು ಇಂದಿಗೂ ಅಜ್ಜಿಯನ್ನು ಮಹಾಪಂಡಿತೆ ಎಂದೇ ನಂಬಿದ್ದಾರೆ. ಕೆಡಿಸಲು ನಾನು ಯಾರು?

ಉಳಿದ ಮೂರು ಪಾಲು ಅಂಕಿ ಲೇಸರಿನ ಕೈಗೆ ಬರುತ್ತದೆ. 650 ನ್ಯಾನೋಮೀಟರಿನ ಕೆಂಪು ಕಿರಣ ಡಿಸ್ಕಿನೊಳಗಿನ ಬಣ್ಣದ ಪದರವನ್ನು ಅಲ್ಲಲ್ಲಿ ಸುಡುತ್ತ, ಒಳಗಿನಿಂದ ಹೊರಕ್ಕೆ ಸುರುಳಿ ಬರೆಯುತ್ತದೆ. ಬಿಚ್ಚಿ ಹಾಸಿದರೆ ಆ ಸುರುಳಿ ಸುಮಾರು 12 ಕಿಲೋಮೀಟರ್. ಓದುವಾಗ ಅದೇ ಕಿರಣ ಮೆದುವಾಗಿ ಬಿದ್ದು, ಸುಟ್ಟ ಕಡೆ ಮಂಕಾಗಿ, ಸುಡದ ಕಡೆ ಬೆಳಗಾಗಿ ಹಿಂದಿರುಗುತ್ತದೆ. ಇಷ್ಟು ಜಿಪುಣ ಯಂತ್ರ ಇಲ್ಲಿಗೆ ಬಂದಾಗ ಸ್ವಭಾವವನ್ನೇ ಬದಲಿಸಿಬಿಡುತ್ತದೆ: ಪ್ರತಿ 32 ಕಿಲೋಬೈಟ್ ಮಾಹಿತಿಗೆ ಐದು ಕಿಲೋಬೈಟಿನಷ್ಟು ಕಾವಲು ಅಂಕಿಗಳನ್ನು ಹೆಚ್ಚುವರಿ ಬರೆದಿಡುತ್ತದೆ. ಗೀರು ಬಿದ್ದರೆ, ಅಹಮದಾಬಾದಿನ ಮಕ್ಕಳು ಫಾಫಡಾ ತಿಂದ ಕೈಯಲ್ಲೇ ಡಿಸ್ಕ್ ಹಿಡಿದರೆ, ಕಳೆದುಹೋದದ್ದನ್ನು ಲೆಕ್ಕ ಹಾಕಿ ತುಂಬಿಕೊಳ್ಳಲು ಅವು ಬೇಕು. ಎಲ್ಲ ಎಸೆದಾದ ಮೇಲೆ 'ಬೇಕಾಗ್ತದೆ' ಎಂದು ಇಟ್ಟುಕೊಂಡದ್ದು ಕೇಳಿ ಅಮ್ಮ ಗೆದ್ದಳು.

ಕೊನೆಗೆ ಫೈನಲೈಸ್ ಎಂಬ ಶಾಸ್ತ್ರ. ಒಳಗೆ ಏನೇನಿದೆ ಎಂಬ ಪಟ್ಟಿಯನ್ನು ಬೇರೆ ಪ್ಲೇಯರುಗಳಿಗೆ ತಿಳಿಯುವಂತೆ ಒಳಅಂಚಿನಲ್ಲಿ ಬರೆದು ಮುಗಿಸಲು ಕೆಲವು ನಿಮಿಷ ಬೇಕು. ಒಮ್ಮೆ ಆ ಹೊತ್ತಿನಲ್ಲಿ ಅಮ್ಮ ಕರೆಂಟು ದಂಡವೆಂದು ಪ್ಲಗ್ ಆರಿಸಿದಳು. ಮರುದಿನ ಸೂರತ್ತಿನಿಂದ ಫೋನು: "ಅಕ್ಕಾ, ಖಾಲಿ ತಟ್ಟೆ ಕಳಿಸಿದ್ಯಲ್ಲೇ!"

2006ರ ಆಗಸ್ಟಿನಲ್ಲಿ ಉಕಾಯಿ ಅಣೆಕಟ್ಟೆಯಿಂದ ಬಿಟ್ಟ ನೀರಿಗೆ ತಾಪಿ ಉಕ್ಕಿ ಸೂರತ್ ಮುಳುಗಿತು. ಚಿಕ್ಕಮ್ಮನದು ನೆಲಮಹಡಿ. ಮದುವೆಯ ವಿಎಚ್ಎಸ್ ಕ್ಯಾಸೆಟ್ಟುಗಳ ಟೇಪಿಗೆಲ್ಲ ಕೆಸರು ಅಂಟಿ ಹಾಳಾದವು. ಡಿಸ್ಕುಗಳನ್ನು ಮಾತ್ರ ಅವರು ನಲ್ಲಿಯ ಕೆಳಗೆ ಹಿಡಿದು, ಹಳೆ ಪಂಚೆಯಲ್ಲಿ ಒರೆಸಿ, ಹೊಸ ಪ್ಲೇಯರ್ ಬಂದ ಮೇಲೆ ಹಾಕಿದರು. ನಡೆಯಿತು. ಮದುವೆ ಹೋಯಿತು, ಕ್ವಿಜ್ ಉಳಿಯಿತು.

ಅಹಮದಾಬಾದಿಗೆ ಹೋದ ಡಿಸ್ಕುಗಳ ಕತೆ ಅಷ್ಟು ರೋಚಕವಲ್ಲ. ಅತ್ತಿಗೆ ನೋಡಿ, ಒರೆಸಿ, ವಾಪಸು ಕಳಿಸುತ್ತಿದ್ದರು. ಆದರೆ ಆ ಊರಿಗೆ ಕನ್ನಡದ ಋಣ ಹಳೆಯದು. 1975ರ ಆಗಸ್ಟಿನಿಂದ ಒಂದು ವರ್ಷ ನಡೆದ ಸೈಟ್ ಪ್ರಯೋಗದಲ್ಲಿ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಎಟಿಎಸ್-6 ಉಪಗ್ರಹದ ಮೂಲಕ ಟಿವಿ ಮುಟ್ಟಿತ್ತು. ಕಲಬುರಗಿ, ರಾಯಚೂರು, ವಿಜಯಪುರದ ಹಳ್ಳಿಗಳೂ ಅದರಲ್ಲಿದ್ದವು. ಅವುಗಳಿಗೆ ಚಿತ್ರ ಆಕಾಶಕ್ಕೇರುತ್ತಿದ್ದದ್ದು ಅಹಮದಾಬಾದಿನ ಭೂಕೇಂದ್ರದಿಂದ. ಮೂವತ್ತು ವರ್ಷ ಕಳೆದು ಅದೇ ಊರಿನ ಮಣಿನಗರಕ್ಕೆ ಕನ್ನಡ ರೈಲು ಹತ್ತಿ ಬರಬೇಕಾಯಿತು!

ಚಿಕ್ಕಮ್ಮ ಈಗಿಲ್ಲ. ಎಲ್ಲ ಮೊಬೈಲಿಗೆ ಬಂದ ಮೇಲೆ ರೆಕಾರ್ಡರಿಗೂ ಕೆಲಸವಿಲ್ಲವಾಯಿತು. ಒಂದು ಮಧ್ಯಾಹ್ನ ಭಂಗಾರ್‌ವಾಲಾ ಕೈಗಾಡಿ ತಳ್ಳಿಕೊಂಡು ಬಂದಾಗ ಅಮ್ಮನೇ ಅದನ್ನು ಹೊರಗೆ ತಂದಿಟ್ಟಳು. ನಾನು ಬೆರಗಾದೆ. ಅವನು ತಕ್ಕಡಿಗೆ ಹಾಕಿ ಕಿಲೋ ಲೆಕ್ಕದಲ್ಲಿ ತೂಗಿದ. "ರಿಮೋಟ್ ಎಲ್ಲಿ, ಬಾ?" ಎಂದು, ಗುಜರಾತಿಗಳು ಅಮ್ಮನನ್ನು ಕರೆಯುವಂತೆ ಕರೆದು ಕೇಳಿದ. ಅಮ್ಮ ತನ್ನ ಮೂವತ್ತು ವರ್ಷದ ಗುಜರಾತಿಯಲ್ಲಿ, ಅದು ಕೊಡುವುದಲ್ಲ ಎಂದಳು. ಹಾಗಾದರೆ ಇಪ್ಪತ್ತು ರೂಪಾಯಿ ಕಡಿಮೆ ಎಂದ.

"ಆಗಲಿ" ಎಂದು ಅಮ್ಮ ಹಳದಿ-ಕೆಂಪು-ಬಿಳಿ ತಂತಿಯನ್ನೂ ಕಿತ್ತುಕೊಂಡಳು.