35 ಗ್ರಾಮಿನ ಯಜಮಾನ

ಮಗಳು ಕೆಲಸಕ್ಕೆಂದು ಪುಣೆಗೆ ಹೊರಟಾಗ ಗುಂಡನನ್ನು ನಮ್ಮ ಕೈಗಿಟ್ಟಳು; ಜೊತೆಗೆ ಫ್ರಿಜ್ಜಿನ ಬಾಗಿಲ ತುಂಬ ಎಚ್ಚರಿಕೆಯ ಚೀಟಿಗಳು. ಗುಂಡ ಹಸಿರು ಬಜರಿಗರ್. ಅಂಗಡಿಯವರು ಲವ್ ಬರ್ಡ್ಸ್ ಅಂತಲೇ ಮಾರುತ್ತಾರೆ. ತೂಕ 35 ಗ್ರಾಮಿನ ಆಸುಪಾಸು. ದರ್ಬಾರು ಮಾತ್ರ ಇಡೀ ಮನೆಯ ಮೇಲೆ.

"ಗಿಳಿ ಸಾಕಿದ್ರೆ ಫಾರೆಸ್ಟಿನವರು ಹಿಡ್ಕೊಂಡು ಹೋಗ್ತಾರೆ ಕಣ್ರೀ" ಎಂದು ಎದುರುಮನೆಯವರು ಹೆದರಿಸಿದರು. 1972ರ ವನ್ಯಜೀವಿ ಕಾಯ್ದೆ ನಮ್ಮ ಕಾಡು, ತೋಟಗಳ ಗಿಳಿಗಳಿಗೆ. ಗುಂಡನ ಕುಲ ಆಸ್ಟ್ರೇಲಿಯಾದ್ದು ಎಂದೆ. "ಪಾಸ್‌ಪೋರ್ಟ್ ಇದೆಯಾ?" ಎಂದರು.

ನಿಜವಾದ ಕಾಯ್ದೆ ಜಾರಿಯಾದದ್ದು ಅಡುಗೆಮನೆಯಲ್ಲಿ. ನಾನ್‌ಸ್ಟಿಕ್ ತವಾ ಒಲೆಯ ಮೇಲೆ ಮಿತಿಮೀರಿ ಕಾದರೆ, ಅದರ ಲೇಪದಿಂದೇಳುವ ಹೊಗೆ ನಮ್ಮ ಮೂಗಿಗೆ ತಿಳಿಯುವ ಮೊದಲೇ ಹಕ್ಕಿಯ ಜೀವ ತೆಗೆಯಬಲ್ಲದು. ಉಸಿರು ಎಳೆದಾಗಲೂ ಬಿಟ್ಟಾಗಲೂ ಹಕ್ಕಿಯ ಶ್ವಾಸಕೋಶದಲ್ಲಿ ಹೊಸ ಗಾಳಿ ಹರಿಯುತ್ತಲೇ ಇರುತ್ತದೆ. ಹಾರಲೆಂದು ಇರುವ ಈ ಏರ್ಪಾಡೇ ವಿಷಗಾಳಿಗೂ ಬಾಗಿಲು ತೆರೆಯುತ್ತದೆ. ಬ್ರಿಟನ್ನಿನ ಕಲ್ಲಿದ್ದಲ ಗಣಿಗಳಲ್ಲಿ 1986ರವರೆಗೂ ಕೆನರಿ ಹಕ್ಕಿಗಳನ್ನು ಇಟ್ಟುಕೊಂಡಿದ್ದರಲ್ಲ, ಅದೂ ಇದಕ್ಕೇ. ಅಲ್ಲಿ ಹಕ್ಕಿ ಮನುಷ್ಯರನ್ನು ಕಾಯುತ್ತಿತ್ತು. ಇಲ್ಲಿ ನಾವು ಮೂವರು ಸೇರಿ ಒಂದು ಹಕ್ಕಿಯನ್ನು ಕಾಯುತ್ತೇವೆ. ಅಂತೂ ಅಟ್ಟದಿಂದ ಹಳೆಯ ಕಬ್ಬಿಣದ ಕಾವಲಿ ಇಳಿಯಿತು. ದೋಸೆ ಗರಿಗರಿಯಾಗಿ ಬಂತು. ಹೊಗಳಿಕೆ ಗುಂಡನಿಗೆ ಹೋಯಿತು.

ಅತ್ತೆಯ ಕಷ್ಟ ಬೇರೆ. ಗುಂಡನಿಗೆ ದೃಷ್ಟಿಯಾಗಿದೆ ಎಂದು ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಬೆಂಕಿಗೆ ಹಾಕಲು ಹೊರಟಿದ್ದರು. ಆ ಘಾಟಿಗೆ ನಾವೇ ಕೆಮ್ಮಿ ಕಣ್ಣೀರಿಡುತ್ತೇವೆ, ಅದು ಉಳಿದೀತೇ? ಪುಣೆಯಿಂದ ತಡೆಯಾಜ್ಞೆ ಬಂತು. ಕೊನೆಗೆ ಓಕುಳಿ ನೀರಿನ ಆರತಿಗೆ ರಾಜಿಯಾಯಿತು. ಸಾಂಬ್ರಾಣಿ, ಊದುಬತ್ತಿ, ಸೊಳ್ಳೆಬತ್ತಿ ಎಲ್ಲ ಗಡಿಪಾರು. ಬೆಣ್ಣೆಹಣ್ಣು ಹಕ್ಕಿಗೆ ವಿಷ, ಹಾಗಾಗಿ ನಮಗೂ ಇಲ್ಲ. ನವಣೆಗೆ ಮಾತ್ರ ತಕರಾರಿಲ್ಲ. ಸಕ್ಕರೆ ಕಾಯಿಲೆಯ ನಮ್ಮವರಿಗೂ ಗುಂಡನಿಗೂ ಒಂದೇ ಡಬ್ಬಿ. ಚೆಲ್ಲುವುದರಲ್ಲೂ ಇಬ್ಬರಿಗೆ ಅಂಥ ವ್ಯತ್ಯಾಸವಿಲ್ಲ.

ಸಂಜೆ ಗುಂಡನನ್ನು ಹಾರಲು ಬಿಡುವ ಹೊತ್ತಿಗೆ ಸರಿಯಾಗಿ ಫೋನು. "ಅಮ್ಮಾ, ಫ್ಯಾನ್ ಆಫ್ ಮಾಡಿದ್ಯಾ? ಕಿಟಕಿ ಹಾಕಿದ್ಯಾ? ಬಕೆಟ್ ಮುಚ್ಚಿದ್ಯಾ?" ನಮ್ಮ ಕಾಫಿ ಆಯಿತೇ ಎಂಬ ಪ್ರಶ್ನೆ ಪಟ್ಟಿಯಲ್ಲಿಲ್ಲ. ಒಂದು ಕಾಲಕ್ಕೆ ನಾನೂ ಹೀಗೇ ಇದ್ದೆ: ಹೆಲ್ಮೆಟ್ ಹಾಕ್ಕೊ, ದುಪಟ್ಟಾ ಚಕ್ರಕ್ಕೆ ಸಿಕ್ಕೀತು, ಕತ್ತಲಾಗೋದ್ರೊಳಗೆ ಬಾ. "ಗೊತ್ತಮ್ಮಾ" ಎಂದು ಮೂತಿ ತಿರುವುತ್ತಿದ್ದಳು. ಈಗ "ಗೊತ್ತು ಕಣೇ" ಎನ್ನುವ ಸರದಿ ನನ್ನದು. ಅಂದಮೇಲೂ ಎದ್ದುಹೋಗಿ ಬಕೆಟ್ ನೋಡಿ ಬರುತ್ತೇನೆ. ಇಷ್ಟೆಲ್ಲ ಹೇಳುವವಳು ಅಲ್ಲಿ ಗ್ಯಾಸ್ ಆರಿಸಿ ಮಲಗುತ್ತಾಳೋ ಇಲ್ಲವೋ. ಕೇಳಿದರೆ ಮಾತು ಗುಂಡನ ಕಡೆಗೇ ಹೊರಳುತ್ತದೆ.

ದೀಪಾವಳಿಗೆ ಬರುತ್ತಾಳಂತೆ. ಪಂಜರವನ್ನು ಪಟಾಕಿ ಸದ್ದು ಮುಟ್ಟದ ಒಳಕೋಣೆಗೆ ಸಾಗಿಸಿ ಎಂದು ಈಗಿನಿಂದಲೇ ಅಪ್ಪಣೆ. ಕೊನೆಯಲ್ಲಿ, "ನಿಂಗೇನು ತರ್ಲಮ್ಮಾ?" ಎಂದಳು.

"ಏನೂ ಬೇಡ, ನೀನು ಬಾ ಸಾಕು. ಆ ಸೆಂಟಿನ ಬಾಟಲಿ ಮಾತ್ರ ಅಲ್ಲೇ ಇಟ್ಟು ಬಾ. ಗುಂಡನಿಗೆ ಆಗಿಬರಲ್ಲ."