ಹಬ್ಬ ಮಾಡುವ ಕಷ್ಟ

ಉಪವಾಸ ಮಾಡುವುದು ಸುಲಭ; ಹಬ್ಬ ಮಾಡುವುದೇ ಕಷ್ಟ. ನಾನು ಈ ಮಾತು ಹೇಳಿದಾಗಲೆಲ್ಲ ನನ್ನ ಹೆಂಡತಿ ನಗುತ್ತಿದ್ದಳು. “ನಿಮಗೆ ಹಾಗೆ ಕಾಣದೆ ಇನ್ನೇನು? ಉಪವಾಸದ ದಿನ ಸುಮ್ಮನೆ ಕುಳಿತರಾಯಿತು. ಹಬ್ಬದ ದಿನ ತೆಂಗಿನಕಾಯಿ ತುರಿಯಬೇಕಲ್ಲ!” ಎನ್ನುತ್ತಿದ್ದಳು. ಅವಳ ಮಾತಿನಲ್ಲಿ ನಿಜಾಂಶ ಇಲ್ಲದೆ ಇರಲಿಲ್ಲ. ಆದರೂ ನನ್ನ ಮಾತಿನಲ್ಲಿಯೂ ಸ್ವಲ್ಪ ಹುರುಳಿದೆಯೆಂದೇ ನನ್ನ ನಂಬಿಕೆ.

ನಮ್ಮ ಕ್ರೈಸ್ತರ ಪಂಚಾಂಗವನ್ನೇ ನೋಡಿ. ಈಸ್ಟರಿಗೆ ಮುಂಚಿನ 40 ದಿನಗಳ ತಪಸ್ಸುಕಾಲವನ್ನು ಅರಿಯದವರಿಲ್ಲ. ವಿಭೂತಿ ಬುಧವಾರ ಹಣೆಗೆ ಬೂದಿ ಹಚ್ಚಿಸಿಕೊಂಡು ಬಂದವನು ಮಾಂಸ ಬಿಡುತ್ತಾನೆ, ಸಿಗರೇಟು ಬಿಡುತ್ತಾನೆ. ಬಿಟ್ಟದ್ದು ನಾಲ್ಕು ಮಂದಿಗೆ ತಿಳಿಯುವಂತೆಯೂ ನೋಡಿಕೊಳ್ಳುತ್ತಾನೆ. ಆದರೆ ಈಸ್ಟರಿನಿಂದ ಪೆಂತೆಕೊಸ್ತಿನವರೆಗೆ 50 ದಿನ ಹಬ್ಬದ ಕಾಲವೆಂಬುದು ಎಷ್ಟು ಮಂದಿಗೆ ನೆನಪಿದೆ? ಲೆಕ್ಕ ಹಾಕಿದರೆ ಕೊರಗಿಗಿಂತ ನಲಿವಿಗೇ ಹತ್ತು ದಿನ ಹೆಚ್ಚು ಕೊಟ್ಟಿದ್ದಾರೆ. ಇನ್ನೂ ಒಂದು ಸೂಕ್ಷ್ಮವಿದೆ. ವಿಭೂತಿ ಬುಧವಾರದಿಂದ ಈಸ್ಟರಿನ ಹಿಂದಿನ ದಿನದವರೆಗೆ ಬೆರಳೆಣಿಸಿ ನೋಡಿದರೆ 46 ದಿನಗಳಾಗುತ್ತವೆ. ಆರು ಭಾನುವಾರಗಳನ್ನು ಕಳೆದರೆ 40. ಭಾನುವಾರ ಉಪವಾಸದ ಲೆಕ್ಕಕ್ಕೆ ಸೇರದು. ಎಂಥ ತಪಸ್ಸಿನ ನಡುವೆಯೂ ಅದು ಹಬ್ಬವೇ.

ಹಿಂದಿನವರು ಈ ವಿಷಯದಲ್ಲಿ ನಮಗಿಂತ ಕಟ್ಟುನಿಟ್ಟಾಗಿದ್ದರು. 325ರಲ್ಲಿ ನೈಸಿಯಾದಲ್ಲಿ ಬಿಷಪರ ಮಹಾಸಭೆ ಸೇರಿತು. ದೊಡ್ಡ ದೊಡ್ಡ ತತ್ತ್ವಗಳ ವಾಗ್ವಾದ ನಡೆದ ಸಭೆ ಅದು. ಆ ಸಭೆ ಮಾಡಿದ 20 ನಿಯಮಗಳಲ್ಲಿ ಕಡೆಯದು ಏನೆಂದು ನೋಡಿ: ಭಾನುವಾರಗಳಲ್ಲಿಯೂ ಈಸ್ಟರಿನ ಐವತ್ತು ದಿನಗಳಲ್ಲಿಯೂ ಯಾರೂ ಮೊಣಕಾಲೂರಬಾರದು, ನಿಂತೇ ಪ್ರಾರ್ಥಿಸಬೇಕು. ಮೊಣಕಾಲೂರುವುದು ಪಶ್ಚಾತ್ತಾಪದ ಭಂಗಿ. ನಿಲ್ಲುವುದು ಎದ್ದುಬಂದವನ ಭಂಗಿ. ಭಕ್ತಿ ಹೆಚ್ಚಾಗಿ ಮೊಣಕಾಲೂರುವವರನ್ನು ಹಿಡಿದು ನಿಲ್ಲಿಸಲು ಒಂದು ಕಾನೂನು ಬೇಕಾಯಿತು! ಸೆರೆಮನೆಯಲ್ಲಿದ್ದ ಸಂತ ಪೌಲನು ಫಿಲಿಪ್ಪಿಯವರಿಗೆ ಬರೆದ ಕಾಗದದಲ್ಲಿಯೂ ಸಂತೋಷಕ್ಕೆ ವಿಧ್ಯರ್ಥ ರೂಪವನ್ನೇ ಬಳಸಿದ್ದಾನೆ. ‘ಬಾ’, ‘ಹೋಗು’ ಎಂದ ಹಾಗೆ. ಮನಸ್ಸು ಬಂದರೆ ನಗಿ ಎಂದು ಹೇಳಿದವನಲ್ಲ ಅವನು.

ಇದೆಲ್ಲ ನಾನು ವಯಸ್ಸಾದಮೇಲೆ ಓದಿ ತಿಳಿದದ್ದು. ಹಬ್ಬವೂ ಒಂದು ವ್ರತವೆಂದು ಮೊದಲು ತೋರಿಸಿಕೊಟ್ಟವಳು ನನ್ನ ಅಮ್ಮ. ನೈಸಿಯಾದ ಹೆಸರನ್ನು ಅವಳು ಕೇಳಿಯೂ ಇರಲಿಲ್ಲ.

ನಮ್ಮದು ದಕ್ಷಿಣ ಕನ್ನಡದ ಒಂದು ಹಳ್ಳಿ. ಮನೆಯ ಮಾತು ಕೊಂಕಣಿ, ಗದ್ದೆಯ ಮಾತು ತುಳು, ಶಾಲೆಯ ಮಾತು ಕನ್ನಡ. ಸೆಪ್ಟೆಂಬರ್ 8, ಮರಿಯಮ್ಮನವರು ಹುಟ್ಟಿದ ದಿನ, ನಮಗೆ ತೆನೆಹಬ್ಬ. ಕೊಂಕಣಿಯಲ್ಲಿ ‘ಮೊಂತಿ ಫೆಸ್ತ್’. ಫರಂಗಿಪೇಟೆಯ ಮೊಂತೆ ಮರಿಯಾನೊ ಇಗರ್ಜಿಯಲ್ಲಿ ಗೋವೆಯ ಜೊವಾಕಿಂ ಮಿರಾಂದ ಎಂಬ ಪಾದ್ರಿಗಳು 1763ರಲ್ಲಿ ಇದನ್ನು ಆರಂಭಿಸಿದರೆಂದೂ, ಅಲ್ಲಿಂದಲೇ ‘ಮೊಂತಿ’ ಎಂಬ ಹೆಸರು ಬಂದಿತೆಂದೂ ಹಿರಿಯರು ಹೇಳುತ್ತಾರೆ. ಟಿಪ್ಪುವಿನ ಕಾಲದಲ್ಲಿ, 1784ರಲ್ಲಿ ಶ್ರೀರಂಗಪಟ್ಟಣಕ್ಕೆ ಸೆರೆಹೋದ ನಮ್ಮವರಲ್ಲಿ ಉಳಿದವರು ಮರಳಿದ್ದು 1799ರ ಮೇಲೆ. ಬಂದು ನೋಡಿದರೆ ಇಗರ್ಜಿಗಳು ಬಿದ್ದಿದ್ದವು. ಅಂಥವರೂ ಮತ್ತೆ ಬಿತ್ತಿದರು, ಮತ್ತೆ ತೆನೆ ತಂದರು. ನೆರೆಯ ಹಿಂದೂಗಳ ಮನೆಗಳಲ್ಲಿಯೂ ಹೊಸಕ್ಕಿಯ ಊಟವುಂಟು; ತುಳುವಿನಲ್ಲಿ ಅದು ‘ಪುದ್ವಾರ್’. ಒಂದೇ ಗದ್ದೆಯ ಬಯಲಿನಲ್ಲಿ ಹುಟ್ಟಿದ ಹಬ್ಬಗಳು ಒಂದನ್ನೊಂದು ಹೋಲದೆ ಇರುತ್ತವೆಯೇ?

ಹಬ್ಬಕ್ಕೆ ಮುಂಚೆ ಒಂಬತ್ತು ದಿನ ನೊವೆನ. ಮಕ್ಕಳೆಲ್ಲ ಬುಟ್ಟಿ ತುಂಬ ಹೂ ತೆಗೆದುಕೊಂಡು ಇಗರ್ಜಿಗೆ ಹೋಗಬೇಕು. ಕೊಂಕಣಿ ಹಾಡು ಹಾಡುತ್ತ ಬಾಲ ಮರಿಯಮ್ಮನ ಪ್ರತಿಮೆಗೆ ಎಸೆಯಬೇಕು. ಮಳೆ ಪೂರ್ತಿ ಬಿಟ್ಟಿರುವುದಿಲ್ಲ. ಒದ್ದೆ ಬೇಲಿಗಳಲ್ಲಿ ನುಗ್ಗಿ, ಕಂಡವರ ಹಿತ್ತಿಲಿನ ದಾಸವಾಳವನ್ನೂ ಗೋರಂಟಿಯನ್ನೂ ಕೊಯ್ದು ತರುತ್ತಿದ್ದೆವು. ದೇವರ ಹೆಸರಿನ ಈ ಕಳ್ಳತನಕ್ಕೆ ಯಾರೂ ಬಯ್ಯುತ್ತಿರಲಿಲ್ಲ. ಎಂಟನೆಯ ತಾರೀಖು ಹೊಸ ತೆನೆಯ ಕಟ್ಟುಗಳನ್ನು ಪಾದ್ರಿಗಳು ಆಶೀರ್ವದಿಸಿ, ಮೆರವಣಿಗೆಯಲ್ಲಿ ಇಗರ್ಜಿಗೆ ತಂದು, ಪೂಜೆಯಾದ ಮೇಲೆ ಮನೆಮನೆಗೂ ಹಂಚುತ್ತಿದ್ದರು. ಮಕ್ಕಳಿಗೆ ಕಬ್ಬು. ಕಬ್ಬಿನ ಆಸೆಯಿಂದ ನಾವು ಪ್ರಸಂಗವನ್ನು ಸಹಿಸಿಕೊಳ್ಳುತ್ತಿದ್ದೆವು.

ಮನೆಗೆ ಬಂದಮೇಲೆ ತೆನೆಯನ್ನು ದೇವರ ಮುಂದಿಟ್ಟು ಮೇಣದ ಬತ್ತಿ ಹಚ್ಚುವುದು. ಪ್ರಾರ್ಥನೆಯಾದ ಮೇಲೆ ಕಾಳು ಸುಲಿದು, ಅರೆದು, ಬೆಲ್ಲ ಹಾಕಿದ ತೆಂಗಿನ ಹಾಲಿಗೆ ಬೆರೆಸುವುದು. ಹಿರಿಯರಿಂದ ಮೊದಲುಮಾಡಿ ಎಲ್ಲರಿಗೂ ಒಂದೊಂದು ಗುಟುಕು. ಇದಾದಮೇಲೆ ಬಾಳೆಲೆಯ ಊಟ. ವರ್ಷದಲ್ಲಿ ಮೀನಿಲ್ಲದ ನಮ್ಮ ಒಂದೇ ಒಂದು ದೊಡ್ಡ ಊಟ ಅದು! ಕೆಸುವಿನ ದಂಟು, ಹರಿವೆ, ಹೀರೆಕಾಯಿ, ಬೆಂಡೆ, ಅಲಸಂಡೆ, ಅಂಬಟೆಕಾಯಿ, ಸುವರ್ಣಗೆಡ್ಡೆಯೊಡನೆ ಕಡಲೆ. ಎಷ್ಟೇ ಮಾಡಿದರೂ ಬಗೆಗಳು ಬೆಸಸಂಖ್ಯೆಯಲ್ಲಿರಬೇಕು: ಐದು, ಏಳು, ಒಂಬತ್ತು. ಏಕೆಂದು ಕೇಳಿದರೆ “ಹಾಗೆಯೇ” ಎಂಬುದೇ ಉತ್ತರ. ನಮ್ಮ ಮನೆಯಲ್ಲಿ ಏಳು. ಕಾಳು ಸುಲಿಯುವ ಕೆಲಸ ಅಪ್ಪನದು.

ನನಗೆ ಹದಿನಾಲ್ಕು ವರ್ಷವಾಗಿದ್ದಾಗ ಜುಲೈ ಕೊನೆಯಲ್ಲಿ ಅಪ್ಪ ತೀರಿಕೊಂಡರು. ಏಣೇಲಿನ ನೇಜಿ ನೆಟ್ಟು ಮೂರು ವಾರ ಕಳೆದಿರಲಿಲ್ಲ. ಎರಡು ದಿನದ ಜ್ವರ, ಅಷ್ಟೆ. ನಮ್ಮಲ್ಲಿ ಸಾವಾದ ಮನೆಯವರು ಆ ವರ್ಷ ಹಬ್ಬದ ತಿಂಡಿ ಮಾಡುವುದಿಲ್ಲ. ಕ್ರಿಸ್ಮಸ್ಸಿಗೂ ನೆರೆಯವರು ಕಳುಹಿಸಿದ್ದೇ ಗತಿ. ದೊಡ್ಡಪ್ಪ ಬಂದು, “ತೆನೆ ತಂದು ದೇವರ ಮುಂದಿಡಿ, ಸಾಕು. ಊಟ ಗೀಟ ಈ ವರ್ಷ ಬೇಡ,” ಎಂದು ಹೇಳಿಹೋದರು. ಅಮ್ಮ ತಲೆಯಾಡಿಸಿದಳು. ಅವಳು ಒಪ್ಪಿದಳೆಂದೇ ನಾವೆಲ್ಲ ತಿಳಿದೆವು.

ಏಳನೆಯ ತಾರೀಖು ಸಂಜೆ ನೋಡುತ್ತೇನೆ, ಅಮ್ಮ ಹಿತ್ತಿಲಿನಲ್ಲಿ ಕೆಸುವಿನ ದಂಟು ಕೊಯ್ಯುತ್ತಿದ್ದಾಳೆ. ನನಗೆ ಮೈಯೆಲ್ಲ ಉರಿಯಿತು. “ಅಪ್ಪನನ್ನು ಹೂಳಿದ ಮಣ್ಣು ಇನ್ನೂ ಆರಿಲ್ಲ, ನಿನಗೆ ಹಬ್ಬದೂಟ ಬೇಕಾಯಿತೇ ಅಮ್ಮ?” ಎಂದುಬಿಟ್ಟೆ. ಆ ಮಾತನ್ನು ಇಂದಿಗೂ ನಾನು ಹಿಂದಕ್ಕೆ ತೆಗೆದುಕೊಳ್ಳಲಾರದೆ ಇದ್ದೇನೆ. ಅವಳು ಅಳಲಿಲ್ಲ, ಬಯ್ಯಲಿಲ್ಲ. ಕೈಯ ಕೆಸರನ್ನು ಸೆರಗಿಗೆ ಒರಸಿಕೊಂಡು, “ಏಳು ನನ್ನಿಂದ ಆಗದು ಮಗ. ಮೂರು ಮಾಡುತ್ತೇನೆ. ಮೂರೂ ಬೆಸವೇ,” ಎಂದಳು. ಸ್ವಲ್ಪ ಹೊತ್ತು ಬಿಟ್ಟು, ನನ್ನ ಕಡೆ ನೋಡದೆಯೇ, “ಅವರು ನೆಟ್ಟದ್ದು ತೆನೆ ಬಿಟ್ಟಿದೆ. ಮನೆಗೆ ಬರುತ್ತೇನೆನ್ನುವಾಗ ಬಾಗಿಲು ಹಾಕಲೇ?” ಎಂದಳು.

ಮರುದಿನ ನಾನು ಇಗರ್ಜಿಯಿಂದ ತೆನೆ ತಂದೆ. ಮುಖ ಊದಿಸಿಕೊಂಡೇ ತಂದೆ. ಪ್ರಾರ್ಥನೆಯಾಯಿತು. ಕಾಳು ಸುಲಿಯುವ ಹೊತ್ತಿಗೆ ಎಲ್ಲರೂ ಸುಮ್ಮನಾದರು. ಅಮ್ಮ ತಟ್ಟೆಯನ್ನು ನನ್ನ ಮುಂದೆ ಸರಿಸಿದಳು. ಉಗುರಿನಿಂದ ಒತ್ತಿದರೆ ಎಳೆಯ ಕಾಳಿನಿಂದ ಹಾಲು ಬಂದಿತು. ಇಷ್ಟು ವರ್ಷ ಅಪ್ಪನ ಕೈ ನೋಡಿದ್ದೆ. ನನ್ನ ಬೆರಳುಗಳಿಗೆ ಆ ಕೆಲಸ ಬರಲಿಲ್ಲ. ಅರ್ಧ ಕಾಳು ಚಾಪೆಯ ಮೇಲೆ ಬಿದ್ದವು. ನನ್ನ ತಂಗಿ ಕಿಸಕ್ಕನೆ ನಕ್ಕಳು. ನಕ್ಕು, ನಗಬಾರದೆಂದು ನೆನಪಾಗಿ ಹೆದರಿ ಅಮ್ಮನನ್ನು ನೋಡಿದಳು. ಅಮ್ಮನೂ ನಗುತ್ತಿದ್ದಳು. ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಲೇ ಇತ್ತು. ಆ ಎರಡೂ ಒಂದೇ ಮುಖದ ಮೇಲೆ ಇರಬಹುದೆಂದು ನಾನು ಅಂದಿನವರೆಗೆ ತಿಳಿದಿರಲಿಲ್ಲ.

ಊಟಕ್ಕೆ ಕೂರುವ ಮೊದಲು ಅಮ್ಮ ಒಂದು ಎಲೆಯಲ್ಲಿ ಮೂರು ಬಗೆಯನ್ನೂ ಬಡಿಸಿ, ಒಂದು ಲೋಟ ಹಾಲು ಇಟ್ಟು, ನೇಜಿ ನೆಡಲು ಬರುತ್ತಿದ್ದ ಮುದುಕಿಯೊಬ್ಬಳ ಮನೆಗೆ ನನ್ನನ್ನು ಅಟ್ಟಿದಳು. ಆಕೆಗೆ ಯಾರೂ ಇರಲಿಲ್ಲ. ಎಲೆಯನ್ನು ತೆಗೆದುಕೊಂಡು, “ಧಣಿಗಳೂ ನಾನೂ ಸೇರಿ ನೆಟ್ಟದ್ದಲ್ಲವೇ ಇದು?” ಎಂದು ತುಳುವಿನಲ್ಲಿ ಕೇಳಿದಳು. ಹೌದೆಂದೆ. ಅವಳು ಹಾಲನ್ನು ಮೊದಲು ಕುಡಿದಳು. ನಾನು ಮನೆಗೆ ಮರಳಿ ಬಂದವನು ಮೂರು ಸಲ ಅನ್ನ ಹಾಕಿಸಿಕೊಂಡು ಉಂಡೆ.

ಎಷ್ಟೋ ವರ್ಷಗಳಮೇಲೆ ಬೈಬಲ್ಲಿನ ನೆಹೆಮೀಯನ ಪುಸ್ತಕದಲ್ಲಿ ಒಂದು ಪ್ರಸಂಗ ಓದಿದೆ. ಯೆರೂಸಲೇಮಿನ ಗೋಡೆ ಕಟ್ಟಿ ಮುಗಿದಿದೆ. ಸೆರೆಯಿಂದ ಮರಳಿದ ಜನ ಊರ ನೀರುಬಾಗಿಲಿನ ಮುಂದಣ ಬಯಲಿನಲ್ಲಿ ಸೇರಿದ್ದಾರೆ. ಎಜ್ರನು ಬೆಳಗಿನಿಂದ ನಡುಹಗಲಿನವರೆಗೆ ಧರ್ಮಶಾಸ್ತ್ರ ಓದುತ್ತಾನೆ. ಕೇಳುತ್ತ ಕೇಳುತ್ತ ಜನ ಅಳತೊಡಗುತ್ತಾರೆ. ನಮ್ಮ ಕಾಲದ ಬೋಧಕನಾಗಿದ್ದರೆ ಅವರ ಅಳುವನ್ನು ಕಂಡು ತನ್ನ ಪ್ರಸಂಗ ಸಾರ್ಥಕವಾಯಿತೆಂದು ಇನ್ನೊಂದು ಗಂಟೆ ಮುಂದುವರಿಸುತ್ತಿದ್ದ. ಅಲ್ಲಿನ ಹಿರಿಯರು ಅಳು ನಿಲ್ಲಿಸಿ ಎನ್ನುತ್ತಾರೆ. ಮನೆಗೆ ಹೋಗಿ ಮೃಷ್ಟಾನ್ನ ಉಣ್ಣಿ, ಸಿಹಿ ಕುಡಿಯಿರಿ, ಏನೂ ಸಿದ್ಧಮಾಡಿಕೊಳ್ಳದವರಿಗೂ ಪಾಲು ಕಳುಹಿಸಿ ಎಂದು ಅಪ್ಪಣೆ ಮಾಡುತ್ತಾರೆ. ಓದುತ್ತಿದ್ದ ಹಾಗೆ ನನ್ನ ಕಣ್ಣ ಮುಂದೆ ಬಂದದ್ದು ಯೆರೂಸಲೇಮಲ್ಲ. ಮೂರು ಬಗೆಯ ಆ ಬಾಳೆಲೆ.

ಉದ್ಯೋಗ ಹುಡುಕಿಕೊಂಡು ಬೆಂಗಳೂರಿಗೆ ಬಂದು ನನಗೆ ನಲವತ್ತು ವರ್ಷಗಳಾದವು. ಸೆಪ್ಟೆಂಬರ್ ಎಂಟರಂದು ಇಲ್ಲಿ ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದಲ್ಲಿ ಕಾವಿ ಸೀರೆಯುಟ್ಟವರ ಜಾತ್ರೆ, ರಾತ್ರಿ ತೇರು, ನೋಡತಕ್ಕದ್ದೇ. ಆದರೆ ನಮ್ಮ ಹಬ್ಬ ಬರುತ್ತಿದ್ದುದು ಊರಿನಿಂದ ಅಂಚೆಯ ಲಕೋಟೆಯಲ್ಲಿ: ಕಾಗದದಲ್ಲಿ ಮಡಿಸಿದ ಎರಡು ತೆನೆ. ನನ್ನ ಹೆಂಡತಿ ಬಂದಮೇಲೆ ಬಗೆಗಳು ಏಳರಿಂದ ಒಂಬತ್ತಕ್ಕೆ ಏರಿದವು. ತೆಂಗಿನಕಾಯಿ ತುರಿಯುವ ಕೆಲಸ ನನ್ನ ಪಾಲಿಗೆ ಬಂದಿತು.

ಕಳೆದ ಜನವರಿಯಲ್ಲಿ ಅವಳು ಹೋದಳು. ಆಗಸ್ಟ್ ಕೊನೆಗೆ ಲಕೋಟೆ ಬಂದಾಗ ಅದನ್ನು ಒಡೆಯದೆ ಮೇಜಿನ ಮೇಲಿಟ್ಟೆ. ದುಬೈಯಿಂದ ಮಗ ಫೋನು ಮಾಡಿ, “ಈ ವರ್ಷ ಬೇಡ ಅಪ್ಪ. ಅಮ್ಮ ಇಲ್ಲದೆ ಏನು ಹಬ್ಬ? ಹೋಟೆಲಿನಿಂದ ಏನಾದರೂ ತರಿಸಿಕೊಳ್ಳಿ,” ಎಂದ. ಅವನ ದನಿಯಲ್ಲಿ ನನಗೆ ಹದಿನಾಲ್ಕು ವರ್ಷದ ಒಬ್ಬ ಹುಡುಗನ ದನಿ ಕೇಳಿಸಿತು. ಆಗಲಿ ಎಂದು ತಲೆಯಾಡಿಸಿದೆ. ಫೋನಿನಲ್ಲಿ ತಲೆಯಾಡಿಸಿದರೆ ಕಾಣುವುದಿಲ್ಲ, ಅದು ಬೇರೆ.

ಎಂಟರ ಬೆಳಗ್ಗೆ ಮಾರುಕಟ್ಟೆಗೆ ಹೋದೆ. ಕೆಸುವಿನ ದಂಟು ಸಿಗಲಿಲ್ಲ. ಅಲಸಂಡೆ, ಹೀರೆಕಾಯಿ, ಬೆಂಡೆ ತಂದೆ. ಬೆಂಡೆ ಸ್ವಲ್ಪ ತಳ ಹಿಡಿಯಿತು. ಲಕೋಟೆ ಒಡೆದು ಕಾಳು ಸುಲಿದೆ. ಈಗ ಬೆರಳುಗಳಿಗೆ ಆ ಕೆಲಸ ಬರುತ್ತದೆ, ಕಣ್ಣಿಗೆ ಮಾತ್ರ ಕನ್ನಡಕ ಬೇಕು. ಕಾಯಿ ತುರಿಯುವಾಗ ಅವಳ ಮಾತು ನೆನಪಾಗಿ ಒಬ್ಬನೇ ನಕ್ಕೆ. ಮನೆಯಲ್ಲಿ ಈಗ ಹಿರಿಯನೂ ನಾನೇ, ಕಿರಿಯನೂ ನಾನೇ. ಮೊದಲ ಗುಟುಕು ಯಾರದೆಂಬ ಪ್ರಶ್ನೆಯೇ ಇಲ್ಲ.

ಒಂದು ಎಲೆಯಲ್ಲಿ ಮೂರನ್ನೂ ಬಡಿಸಿಕೊಂಡು, ಒಂದು ಲೋಟ ಹಾಲು ಹಿಡಿದು ಕೆಳಗೆ ಇಳಿದೆ. ನಮ್ಮ ಕಟ್ಟಡದ ಕಾವಲುಗಾರ ರಾಯಚೂರು ಕಡೆಯವನು. ರಾತ್ರಿಯ ಪಾಳಿ ಮುಗಿಸಿ ಇನ್ನೂ ಅಡುಗೆಗೆ ಒಲೆ ಹಚ್ಚಿರಲಿಲ್ಲ. ಏನು ಹಬ್ಬ ಎಂದು ಕೇಳಿದ. ಹೊಸ ಅಕ್ಕಿಯದೆಂದೆ. “ನಮ್ಮ ಕಡೆ ಇನ್ನೂ ತೆನಿ ಬಂದಿರಂಗಿಲ್ಲ ಬಿಡ್ರಿ,” ಎನ್ನುತ್ತ ಕುಳಿತು ಪೂರ್ತಿ ಉಂಡ. ಎಲೆ ಮಡಿಸುವಾಗ ಸಂಕೋಚದಿಂದ, “ಬೆಂಡಿಕಾಯಿಗೆ ಉಪ್ಪು ಮರೆತೀರೇನ್ರಿ ಅಜ್ಜಾರ?” ಎಂದು ಕೇಳಿದ.